ನೂರನೇ ಸಲ
ನೋವಿ ಸಾದ್ ನಗರದ ವಿದ್ಯುತ್ ಪ್ರಯೋಗಾಲಯದಲ್ಲಿ ಪರೀಕ್ಷಕಿ ವುಕೊಸಾವಳೆದುರು ‘ಇದೆಲ್ಲ ಬರೀ ಕಂಪ್ಯೂಟರ್ ಆಟ’ ಎಂದವರು ಬೈಸಿಕೊಳ್ಳದೆ ಹೋದದ್ದಿಲ್ಲ. ಇಡೀ ಜಿಲ್ಲೆಯ ವಿದ್ಯುತ್ ಜಾಲ ಅವಳ ಕಂಪ್ಯೂಟರಿನೊಳಗೆ ನಿಜದ ವೇಗದಲ್ಲೇ ಓಡುತ್ತದೆ. ಮಾರಾಟಕ್ಕೆ ಹೊರಟ ಅಸಲಿ ರಿಲೇ ಪೆಟ್ಟಿಗೆಯನ್ನು ಅದಕ್ಕೆ ಜೋಡಿಸಿ, ಜಾಲದಲ್ಲಿ ತಂತಿ ಹರಿದು ಬಿದ್ದಂತೆ ಮಾಡಿ, ಪೆಟ್ಟಿಗೆ ತಕ್ಷಣ ಕರೆಂಟು ಕಡಿಯುತ್ತದೋ ಇಲ್ಲವೋ ಎಂದು ನೂರು ಸಲ ನೋಡುತ್ತಾಳೆ. ಒಂದು ಸಲ ತಪ್ಪಿದರೂ ಪೆಟ್ಟಿಗೆ ವಾಪಸ್ಸು. ಮ್ಯಾನೇಜರ್ ದ್ರಾಗೊಲ್ಯುಬ್ ಕಾಫಿಯ ಜೊತೆ ರತ್ಲುಕ್ ಮಿಠಾಯಿ ಹಿಡಿದು ಬಂದು, “ತೊಂಬತ್ತೊಂಬತ್ತು ಸಲ ಸರಿಯಾಗಿದೆಯಲ್ಲ ತಾಯಿ, ಸಹಿ ಹಾಕ್ಬಿಡು” ಎಂದು ಗೋಗರೆದರೆ, ಮಿಠಾಯಿ ಬಾಯಿಗೆ ಹಾಕಿಕೊಂಡೇ ಸಿಡುಕುತ್ತಾಳೆ: “ನೂರನೇ ಸಲ ಕಂಬ ಹತ್ತಿರೋದು ನೀವಾ ಸಾರ್?” “ಗಿರಾಕಿಗಳು ಕಾಯ್ತಿದಾರಮ್ಮ!” “ಕಾಯ್ಲಿ! ಕಾದ್ರೆ ಯಾರ ಕೈಯೂ ಸುಡಲ್ಲ.” ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಕಪಾಟಿನ ಮೇಲಿನ ಹಳೆಯ ಪೆಟ್ಟಿಗೆ ತೋರಿಸಿ, “ಯಾರೋ ಪುಣ್ಯಾತ್ಮರು ತೊಂಬತ್ತೊಂಬತ್ತಕ್ಕೇ ಪಾಸು ಮಾಡಿದ್ರು. ಲೈನ್‌ಮನ್ ಬಲಗೈ ಹೋಯ್ತು” ಎಂದು ಹಲ್ಲು ಕಡಿಯುತ್ತಾಳೆ. ಆ ಪುಣ್ಯಾತ್ಮರು ಯಾರೆಂದು ಯಾರೂ ಕೇಳಿಲ್ಲ. ಆ ಪೆಟ್ಟಿಗೆಯ ಧೂಳನ್ನು ದಿನಾ ಒರೆಸುವವಳು ಅವಳೇ. ತಳದಲ್ಲಿ ಅಂಟಿಸಿದ ‘ಪಾಸು’ ಚೀಟಿಯ ಮೇಲಿನ ಸಹಿಯೂ ಅವಳದೇ.