ಮಿಸೆಸ್ ಹ್ರಿಂಕೋ ಮತ್ತು ಗುಡ್ಡದಾಚೆಯ ಚಾನೆಲ್

ನಮ್ಮ ಮನೆಗೂ ಮಿಸೆಸ್ ಹ್ರಿಂಕೋ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಕಲ್ಲಿದ್ದಲು ಗಣಿಯ ಕಂಪನಿ ಕೆಲಸಗಾರರಿಗೆಂದು ಕಟ್ಟಿಸಿದ ಜೋಡಿಮನೆಗಳಿವು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಗೋಡೆ ಹಾಗೇ ಇದೆ. ಅವರು ಕೆಮ್ಮಿದರೆ ನಮಗೆ ಕೇಳಿಸುತ್ತದೆ, ನಮ್ಮ ಮಗು ಅತ್ತರೆ ಅವರಿಗೆ. ಫಿಲಡೆಲ್ಫಿಯಾದಲ್ಲಿ ಓದಿ ಬೆಳೆದ ನನಗೆ ಈ ಮೈನರ್ಸ್ ಗ್ಯಾಪ್‌ಗೆ ಬಂದ ಮೊದಲ ವರ್ಷ ಇದು ಹಿಂಸೆಯಾಗಿತ್ತು. ಮಗು ಹುಟ್ಟಿದ ಮೇಲೆ ಅದೇ ಒಂದು ಧೈರ್ಯ. ಆಚೆ ಸದ್ದಿದ್ದರೆ ಯಾರೋ ಇದ್ದಾರೆ ಅಂತ.

ಹಾಗಾಗಿ ಜನವರಿಯ ಆ ಸೋಮವಾರ, ಮಧ್ಯಾಹ್ನ ಹನ್ನೆರಡು ಹೊಡೆದರೂ ಗೋಡೆಯಾಚೆ ಟೀವಿಯ ಸದ್ದು ಬಾರದಿದ್ದಾಗ ನಾನು ಮಗುವನ್ನು ಎತ್ತಿಕೊಂಡು ಓಡಿದೆ. ಬಿದ್ದಿರಬಹುದು, ಒಲೆ ಆರಿ ಗ್ಯಾಸ್ ತುಂಬಿರಬಹುದು, ನನ್ನ ತಲೆಗೆ ಬರುವುದೇ ಇಂಥವು.

ಅವರು ಆರಾಮಕುರ್ಚಿಯಲ್ಲಿ ಕೂತಿದ್ದರು. ಫೋನು ಕುರ್ಚಿಯ ತೋಳಿನ ಮೇಲೆ ಮಲಗಿತ್ತು. ಟೀವಿ ತುಂಬ ನೀಲಿ, ಮಧ್ಯೆ ಏನೋ ಸಣ್ಣಕ್ಷರ.

"ಐಸ್ ಕಟ್ಟಿದೆ ಗುಡ್ಡದ ಮೇಲಿನ ಆಂಟೆನಾಗೆ," ಅಂದರು. "ಕೂತ್ಕೋ. ಯಾರಾದ್ರೂ ಹತ್ತಿ ಹೋಗಿ ಬಡಿದು ಉದುರಿಸ್ತಾರೆ."

"ಕೇಬಲ್ ಕಂಪನಿಗೆ ಫೋನ್ ಮಾಡ್ಲಾ, ಮಿಸೆಸ್ ಹ್ರಿಂಕೋ?"

"ಏನೂ ಬೇಡ. ನೋಡು, ಎಮಿಲ್ ಕಡೆ ಬರ್ತಾ ಇದೆ. ಕೇಳು." ಫೋನನ್ನು ನನ್ನ ಕಿವಿಗೆ ಹಿಡಿದರು. ದೂರದಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರು. "ಅಲ್ಲಿ ಬರುತ್ತೆ, ಇಲ್ಲಿಲ್ಲ. ಅಂದ್ರೆ ಐಸೇ. ನಲವತ್ತು ವರ್ಷ ನೋಡಿದೀನಿ ನಾನು."

ಎಮಿಲ್ ಅವರ ಗಂಡ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಮಾತು ಹೋಯಿತು, ಬಲಗೈ ಹೋಯಿತು. ಗುಡ್ಡದಾಚೆ ಮೂವತ್ತು ಮೈಲಿ ದೂರದ ಆರೈಕೆಮನೆಯಲ್ಲಿದ್ದಾರೆ. ಒಂಬತ್ತನೇ ಚಾನೆಲ್ಲಿನ ಸ್ಟೇಷನ್ ಇರುವುದೂ ಆ ಊರಿನಲ್ಲೇ. ದಿನಾ ಹನ್ನೆರಡಕ್ಕೆ ಆರೈಕೆಮನೆಯ ಟ್ರೂಡಿ ಎಂಬ ಹುಡುಗಿ ಇವರಿಗೆ ಫೋನ್ ಹಚ್ಚಿ ಎಮಿಲ್ ಅವರ ಊಟದ ತಟ್ಟೆಯ ಪಕ್ಕ ಇಡುತ್ತಾಳೆ. ಇಬ್ಬರೂ ಒಂಬತ್ತನೇ ಚಾನೆಲ್ಲಿನ ಮಧ್ಯಾಹ್ನದ ಕಾರ್ಯಕ್ರಮ ನೋಡುತ್ತಾರೆ. ಸುದ್ದಿ, ಹವಾಮಾನ, ಕೊನೆಗೆ ಐವತ್ತು ವರ್ಷ ಸಂಸಾರ ಮಾಡಿದ ದಂಪತಿಗಳ ಫೋಟೋ. ಮಾತಿಲ್ಲ. ಅರ್ಧ ಗಂಟೆಯಾದ ಮೇಲೆ ಮಿಸೆಸ್ ಹ್ರಿಂಕೋ "ಸರಿ, ಸೂಪ್ ಕುಡಿ" ಅಂದು ಫೋನಿಡುತ್ತಾರೆ.

ಬರುವ ಶುಕ್ರವಾರ ಅವರದೇ ಫೋಟೋ ಬರುವುದಿತ್ತು. ಕ್ರಿಸ್ಮಸ್ಸಿಗೂ ಮೊದಲೇ ಅಂಚೆಯಲ್ಲಿ ಕಳಿಸಿದ್ದರು. ಚರ್ಚಿನ ಮೆಟ್ಟಿಲ ಮೇಲೆ ಮದುಮಗಳ ಬಿಳಿ ಬಟ್ಟೆಯಲ್ಲಿ ಇವರು, ಪಕ್ಕದಲ್ಲಿ ಕರಿ ಸೂಟು ಹಾಕಿ ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು ಏರಿಸಿದ ಎಮಿಲ್. ಆ ದಿನವೂ ಗುಡ್ಡದ ಮೇಲೆ ಐಸ್ ಕಟ್ಟಿತ್ತಂತೆ. ಫೋಟೋ ತೆಗೆದದ್ದೇ ಮದುಮಗ ಗುಡ್ಡ ಹತ್ತಿದರಂತೆ.

ಎಮಿಲ್ ಕೇಬಲ್ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಆಗ ಅದು ಕಂಪನಿಯೇ ಅಲ್ಲ, ಟೀವಿ ಮಾರುವ ಒಂದು ಅಂಗಡಿ. ಸುತ್ತ ಗುಡ್ಡವಿರುವ ಈ ಊರಿನಲ್ಲಿ ಯಾವ ಸ್ಟೇಷನ್ನೂ ಬಾರದು, ಬಾರದಿದ್ದರೆ ಟೀವಿ ಯಾರು ಕೊಳ್ಳುತ್ತಾರೆ? ಅದಕ್ಕೇ ಅಂಗಡಿಯವನು ಗುಡ್ಡದ ನೆತ್ತಿಯಲ್ಲಿ ಆಂಟೆನಾ ನೆಟ್ಟು, ಅಲ್ಲಿಂದ ಮನೆಮನೆಗೆ ತಂತಿ ಎಳೆಸಿದ. ಮೇಲೆ ಆಂಟೆನಾ ತಿರುಗಿಸುವವರು ಎಮಿಲ್. ಕೆಳಗೆ ಅಂಗಡಿಯಲ್ಲಿ ಟೀವಿ ಮುಂದೆ ಫೋನು ಹಿಡಿದು ಕೂತವರು ಇವರು, ಆಗ ಇಪ್ಪತ್ತರ ಡೊಲೋರಿಸ್. ಗಾಳಿಯಲ್ಲಿ ಮಾತು ಕೇಳಿಸುತ್ತಿರಲಿಲ್ಲ. "ಚಿತ್ರ ಬಂತಾ?" ಎಂದು ಎಮಿಲ್ ಮೇಲಿನ ಫೋನಿನಲ್ಲಿ ಕೂಗಿದರೆ ಇವರು ಫೋನನ್ನು ಮೇಜಿಗೆ ಕುಟ್ಟುವುದು. ಒಂದು ಸಲ ಕುಟ್ಟಿದರೆ ಬಂದಿಲ್ಲ. ಎರಡು ಸಲ ಕುಟ್ಟಿದರೆ ಬಂತು.

"ಈಗ ಹೋದ್ರೆ ನನ್ನ ಮುಖ ಗುರುತು ಸಿಗ್ತಾ ಇಲ್ಲ ಅವನಿಗೆ," ಎಂದು ಮಿಸೆಸ್ ಹ್ರಿಂಕೋ ಒಮ್ಮೆ ಹೇಳಿದ್ದರು, ಎಲೆಕೋಸು ಹೆಚ್ಚುತ್ತಾ. "ನನ್ನನ್ನ ದಾಟಿ ಬಾಗಿಲು ನೋಡ್ತಾನೆ. ಆಗಿನ ಮುಖ ಸಿಗಬಹುದು. ಫೋಟೋ ಬಂದಾಗ ಕೇಳ್ತೀನಿ. ಗುರುತು ಸಿಕ್ರೆ ಕುಟ್ಟೇ ಕುಟ್ಟುತ್ತಾನೆ, ಎಡಗೈ ಚೆನ್ನಾಗಿದೆ."

ಮಂಗಳವಾರವೂ ಒಂಬತ್ತನೇ ಚಾನೆಲ್ ನೀಲಿ. ಬುಧವಾರವೂ ನೀಲಿ. ಅವರು ಕಾದರು. ಜನವರಿಯಲ್ಲಿ ಚಿತ್ರ ಹೋದರೆ ಈ ಊರಿನ ಹಳಬರು ಯಾರೂ ದೂರುವುದಿಲ್ಲ, ಕಾಯುತ್ತಾರೆ. ಹತ್ತಿ ಹೋಗುವವನ ಪ್ರಾಣ ದೊಡ್ಡದೋ ಟೀವಿ ದೊಡ್ಡದೋ, ಅನ್ನುತ್ತಾರೆ.

ಗುರುವಾರ ಬೆಳಿಗ್ಗೆ ಎದುರುಮನೆಯ ಯುರ್ಚಕ್ ತನ್ನ ಮಾಡಿನ ಮೇಲೆ ಹೊಸ ಆಂಟೆನಾ ಹಿಡಿದು ನಿಂತಿದ್ದ. ಮಿಸೆಸ್ ಹ್ರಿಂಕೋ ಬಾಗಿಲಿಗೆ ಬಂದು ಕೂಗಿದರು.

"ಏಯ್ ಯುರ್ಚಕ್! ಈ ಕಣಿವೇಲಿ ಆಂಟೆನಾ ನಡೆಯೋದಾಗಿದ್ರೆ ನನ್ನ ಗಂಡ ಯಾಕೋ ಗುಡ್ಡ ಹತ್ತಬೇಕಿತ್ತು? ಇಳಿ, ಸೊಂಟ ಮುರ್ಕೋತೀಯ. ಐಸ್ ಕರಗಲಿ."

"ಯಾವ ಐಸು, ಡೊಲೋರಿಸ್?"

"ಗುಡ್ಡದ್ದು ಕಣೋ."

ಯುರ್ಚಕ್ ಆಂಟೆನಾ ಕೆಳಗಿಟ್ಟ. "ಗುಡ್ಡದ ಮೇಲೆ ಏನಿದೆ ಈಗ? ಹಳೇ ಕಂಪನಿ ಮಾರಿದಾಗಲೇ ಎಲ್ಲಾ ಬಿಚ್ಚಿದ್ರಲ್ಲ, ಈಗ ಬರೋದೆಲ್ಲ ದೂರದಿಂದ ತಂತೀಲಿ. ಎಮಿಲೇ ಬಿಚ್ಚಿ ಇಳಿಸಿದ್ದು, ನಾನೂ ಕೈ ಹಾಕಿದ್ದೆ. ಹನ್ನೊಂದು ವರ್ಷ ಆಯ್ತು. ನಿಂಗೆ ಹೇಳಿಲ್ವಾ?"

"ಹೇಳಿದ್ದ, ಹೇಳಿದ್ದ," ಅಂದರು ಮಿಸೆಸ್ ಹ್ರಿಂಕೋ. ಒಳಗೆ ಬಂದರು. ಎಮಿಲ್ ಅವರಿಗೆ ಹೇಳಿರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಆಮೇಲೆ ಕಂಪನಿಗೆ ಫೋನ್ ಮಾಡಿದವಳು ನಾನು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಂದು ಹೆಣ್ಣುದನಿ ಬಂತು.

"ಆ ಸ್ಟೇಷನ್ ನಿಮ್ಮ ಕೌಂಟಿಯದ್ದಲ್ಲ ಮೇಡಂ, ತೆಗೆದಿದ್ದೇವೆ. ನಿಮ್ಮ ಸ್ಥಳೀಯ ಚಾನೆಲ್‌ಗಳೆಲ್ಲಾ ಬರ್ತಾ ಇವೆಯಲ್ಲ?"

"ಅವು ತೊಂಬತ್ತು ಮೈಲಿ ದೂರದ ಊರಿನವು. ಇದು ಮೂವತ್ತೇ ಮೈಲಿ."

"ಹೌದು ಮೇಡಂ. ಆ ತೊಂಬತ್ತು ಮೈಲಿಯವೇ ನಿಮ್ಮ ಸ್ಥಳೀಯ ಚಾನೆಲ್."

ನಾನು ದನಿ ಎತ್ತಿದೆ. ಮಿಸೆಸ್ ಹ್ರಿಂಕೋ ನನ್ನ ತೋಳು ಮುಟ್ಟಿ, "ಬಿಡು ಮಗಳೇ, ಆ ಹುಡುಗಿ ಏನು ಮಾಡ್ತಾಳೆ," ಅಂದರು.

ಆರೈಕೆಮನೆಗೇ ಹೋಗಿ ಎಮಿಲ್ ಜೊತೆ ನೋಡಬಹುದಿತ್ತು. ಆದರೆ ಮುದುಕರನ್ನು ಕರೆದೊಯ್ಯುವ ಕೌಂಟಿ ಆಡಳಿತದ ವ್ಯಾನಿಗೆ ಮೂರು ದಿನ ಮೊದಲೇ ಹೇಳಿರಬೇಕು. ಆ ಮೂರು ದಿನ ಇಲ್ಲದ ಐಸು ಕರಗಲಿ ಎಂದು ಕಾಯುವುದರಲ್ಲೇ ಹೋಗಿತ್ತು.

"ನನ್ನ ಕಾರಿದೆಯಲ್ಲ, ನಾಳೆ ಹತ್ತೂವರೆಗೆ ಹೊರಡೋಣ," ಎಂದೆ. ಬಾಯಿಂದ ಬಂದಾಗಲೇ ಲೆಕ್ಕ ಹಾಕತೊಡಗಿದೆ. ಆ ಗುಡ್ಡದ ರಸ್ತೆಯ ತಿರುವುಗಳು, ಹಿಂದಿನ ಸೀಟಿನಲ್ಲಿ ಮಗು.

ಶುಕ್ರವಾರ ಬೆಳಿಗ್ಗೆ ಮಗುವಿನ ಮೈ ಬೆಚ್ಚಗಿತ್ತು. ಥರ್ಮಾಮೀಟರ್ ಇಟ್ಟೆ, ನೂರು. ಇನ್ನೊಮ್ಮೆ ಇಟ್ಟೆ, ನೂರಕ್ಕೆ ಎರಡು ಗೆರೆ ಮೇಲೆ. ಮೂರನೇ ಸಲ ಇಡಲಿಲ್ಲ. ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಪಕ್ಕದ ಮನೆಗೆ ಹೋದೆ.

ಅವರು ಕೋಟು ಹಾಕಿ, ಟೊಪ್ಪಿ ಇಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಮಗುಗೆ ಜ್ವರ, ಮಿಸೆಸ್ ಹ್ರಿಂಕೋ. ನೂರು ದಾಟಿದೆ."

ಎದ್ದು ಬಂದು ಮಗುವಿನ ಹಣೆ ಮುಟ್ಟಿದರು, ಬೆರಳಿನಿಂದ ಒಸಡು ಸವರಿದರು. "ಹಲ್ಲು ಬರ್ತಿದೆ ಅಷ್ಟೇ." ನನ್ನ ಮುಖ ನೋಡಿದರು. "ಆದ್ರೂ ಬೇಡ ಬಿಡು. ನೀನು ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡ್ತೀಯ. ಮೂವರೂ ಹಳ್ಳಕ್ಕೆ ಬೀಳ್ತೀವಿ."

ನಾನು ಇಲ್ಲ ಹೋಗೋಣ ಎನ್ನಲಿಲ್ಲ. ಕೂತೆ. ಅವರು ಕೋಟು ತೆಗೆಯಲಿಲ್ಲ. ಒಂದೂವರೆ ಗಂಟೆ ನಾವು ಹಾಗೇ ಕೂತಿದ್ದೆವು ಅನ್ನಿಸುತ್ತದೆ. ಏನು ಮಾತಾಡಿದೆವು, ನೆನಪಿಲ್ಲ.

ಹನ್ನೆರಡಕ್ಕೆ ಫೋನ್ ಬಂತು.

"ಇವತ್ತು ಹೊಸ ಅಂಗಿ ಹಾಕಿದೀನಿ ನಿಮ್ಮ ಯಜಮಾನ್ರಿಗೆ," ಎಂದಳು ಟ್ರೂಡಿ. "ಸಿನಿಮಾ ಹೀರೋ ಥರ ಕಾಣ್ತಿದ್ದಾರೆ. ನಾನೇ ಹಾರಿಸ್ಕೊಂಡು ಹೋಗ್ತೀನಿ ನೋಡಿ."

"ಹೋಗು ಮಾರಾಯ್ತಿ. ಗೊರಕೆ ಹೊಡೀತಾನೆ," ಅಂದರು ಮಿಸೆಸ್ ಹ್ರಿಂಕೋ.

ಫೋನಿನ ಸದ್ದು ಹೆಚ್ಚಿಸಿ ಇಬ್ಬರ ಮಧ್ಯೆ ಇಟ್ಟರು. ಟೀವಿಯನ್ನೂ ಹಾಕಿದರು. ಅದು ನೀಲಿಯಾಗಿಯೇ ಇತ್ತು, ಇವರು ಅದನ್ನೇ ನೋಡುತ್ತಾ ಕೂತರು. ಫೋನಿನೊಳಗಿಂದ ಸುದ್ದಿ ಬಂತು, ಹವಾಮಾನ ಬಂತು. ಸಂಜೆಯವರೆಗೆ ಒಣಹವೆ, ರಸ್ತೆಗಳು ಚೆನ್ನಾಗಿವೆ ಅಂದರು. ಆಮೇಲೆ ವಾಲ್ಟ್ಜ್ ಸಂಗೀತ. "ಮೈನರ್ಸ್ ಗ್ಯಾಪ್‌ನ ಎಮಿಲ್ ಮತ್ತು ಡೊಲೋರಿಸ್ ಹ್ರಿಂಕೋ, ಐವತ್ತು ವರ್ಷ. ಅಯ್ಯೋ, ಈ ಬೂಟು ನೋಡಿ!" ಸ್ಟುಡಿಯೋದಲ್ಲಿ ನಗು.

ಮಿಸೆಸ್ ಹ್ರಿಂಕೋ ಫೋನಿಗೆ ಬಗ್ಗಿದರು.

"ಎಮಿಲ್. ಚಿತ್ರ ಬಂತಾ?"

ಇನ್ನೊಂದು ದಂಪತಿಯ ಹೆಸರು ಬಂತು. ಮತ್ತೊಂದು ಬಂತು. ಸಂಗೀತ ನಿಂತಿತು.

"ಎಮಿಲ್, ಚಿತ್ರ ಬಂತಾ?"

ಹಾಸಿಗೆ ಅಂಗಡಿಯ ಜಾಹೀರಾತು ಶುರುವಾಯಿತು. ಎರಡು ಕೊಂಡರೆ ದಿಂಬು ಉಚಿತ. ಅದು ಮುಗಿಯುವ ಹೊತ್ತಿಗೆ ಆ ಕಡೆ ಏನೋ ತಟ್ಟೆಗೆ ತಾಗಿತು. ಟಕ್. ಸ್ವಲ್ಪ ಬಿಟ್ಟು, ಇನ್ನೊಮ್ಮೆ, ಟಕ್.

ಫೋಟೋಗೋ, ದಿಂಬಿಗೋ, ಚಮಚ ಕೈಜಾರಿದ್ದೋ. ಟ್ರೂಡಿಯನ್ನು ಕೇಳಬಹುದಿತ್ತು. ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ.

"ಬಂತಂತೆ," ಅಂದರು ಮಿಸೆಸ್ ಹ್ರಿಂಕೋ, ನನಗೋ ಟೀವಿಗೋ. ಫೋನಿಗೆ, "ಸರಿ, ಸೂಪ್ ಕುಡಿ," ಅಂದು ಇಟ್ಟರು. ಆಮೇಲೆ ಎದ್ದು ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದರು.

ಎರಡು ಗಂಟೆಯ ಹೊತ್ತಿಗೆ ಮಗುವಿನ ಮೈ ತಣ್ಣಗಿತ್ತು. ಮರುದಿನ ಕೆಳ ಒಸಡಿನಲ್ಲಿ ಬಿಳಿಯದೊಂದು ಗೆರೆ ಕಂಡಿತು. ಹಲ್ಲೇ ಬಂದದ್ದು ಎಂದು ಗೋಡೆ ತಟ್ಟಿ ಹೇಳಬೇಕೆಂದುಕೊಂಡೆ, ಕೈ ಎತ್ತಿದೆ, ತಟ್ಟಲಿಲ್ಲ.