ಹಲ್ಲಿಯಲ್ಲ, ನಮ್ಮ ಆಮೆ

ಇವತ್ತು ನಮ್ಮ ಬನಶಂಕರಿ ಮನೆಯಲ್ಲಿ ನಡೆದದ್ದು ಕೇಳಿ, ಸ್ನೇಹಿತರೇ. ನಾದಿನಿಯ ಮದುವೆ ವಿಷಯ ಮಾತಾಡುತ್ತಾ ಅತ್ತೆ "ಈ ಸಂಬಂಧ ಕುದುರುತ್ತೆ" ಎಂದರು. ಕೂಡಲೇ ಲೊಚ್ ಲೊಚ್ ಎಂದು ಸದ್ದಾಯಿತು. ಹಲ್ಲಿ ನುಡಿಯಿತೆಂದು ಅತ್ತೆ ನೆಲ ತಟ್ಟಿ "ಕೃಷ್ಣ ಕೃಷ್ಣ" ಎಂದರು.

"ಅತ್ತೆ, ಅದು ಹಲ್ಲಿ ಅಲ್ಲ, ನಮ್ಮ ಆಮೆ. ಉಸಿರಾಡೋಕೆ ಕಷ್ಟಪಡ್ತಿದೆ, ಮೂಗಲ್ಲಿ ಗುಳ್ಳೆ ನೋಡಿ. ಈಗ್ಲೇ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ."

"ಹಲ್ಲಿ ನುಡಿದ್ರೆ ಶಕುನ, ಕೂರ್ಮಾವತಾರ ನುಡಿದ್ರೆ ಕಾಯಿಲೆನಾ? ಮದ್ವೆ ಮುಗೀಲಿ, ಆಮೇಲೆ ತೋರ್ಸು."

ನಾನು ಬಿಡಲಿಲ್ಲ. ಆಮೆಯನ್ನು ಟಬ್ಬಿನಲ್ಲಿಟ್ಟುಕೊಂಡು ಆಟೋ ಹತ್ತಿದೆ. ಅತ್ತೆಯೂ ಹಿಂದೆಯೇ ಹತ್ತಿದರು.

"ಈ ಸದ್ದು ಯಾವಾಗಿಂದ ಬರ್ತಿದೆ?" ಎಂದು ಡಾಕ್ಟರ್ ಕೇಳಿದರು.

"ನಾನು ನಿಜ ಹೇಳ್ದಾಗೆಲ್ಲ ಬರುತ್ತೆ" ಎಂದರು ಅತ್ತೆ.

ಡಾಕ್ಟರ್ ಔಷಧಿ ಬರೆದುಕೊಟ್ಟರು. ಆಮೆಗೆ ಮಾತ್ರ.