ಟಿಫನ್ ಬ್ಯಾಗು ಹಿಡಿದ ಸೀಟು

ಹಾರೋಹಳ್ಳಿಯಲ್ಲಿ ಕನಕಪುರದ ಬಸ್ಸು ಬಂದಾಗ ನನ್ನ ಕಾಲುಗಳಲ್ಲಿ ಜೀವವಿರಲಿಲ್ಲ. ಬೆಳಗಿನಿಂದ ಕಿವಿಗೆ ರೇಡಿಯೋ ಪಾಡ್‌ಕಾಸ್ಟ್ ಹಾಕಿಕೊಂಡು ಊರೂರು ಸುತ್ತಿದ್ದೆ. ನಡಿಗೆ ಸಾಗಿದ್ದೇ ಅದರಿಂದ. ನಾನು ಬಾಗಿಲು ತಲುಪುವ ಮೊದಲೇ ಕಿಟಕಿಗಳಿಂದ ಬ್ಯಾಗು, ಟವೆಲ್ಲು ಒಳಗೆ ಬಿದ್ದು ಸೀಟುಗಳೆಲ್ಲ ಮುಗಿದುಹೋದವು. ಕಂಬಿ ಹಿಡಿದು ನಿಂತೆ.

ಕೊರಳಲ್ಲಿನ್ನೂ ಫ್ಯಾಕ್ಟರಿಯ ಐಡಿ ಕಾರ್ಡು ತೂಗುತ್ತಿದ್ದ ಹೆಂಗಸೊಬ್ಬರು ತಮ್ಮ ಪಕ್ಕದ ಸೀಟಿನಿಂದ ಟಿಫನ್ ಬ್ಯಾಗು ಎತ್ತಿಕೊಂಡರು. "ನಮ್ ಜೊತೆಯವ್ಳಿಗೆ ಹಿಡ್ದಿದ್ದೆ, ಅವ್ಳು ಬರ್ನಿಲ್ಲ. ಕೂತ್ಕಳಿ ಅಕ್ಕ. ಏನ್ ಕೇಳ್ತಿದ್ದೀರಾ?"

"ರೇಡಿಯೋ ನಾಟಕ."

"ಒಸಿ ನಂಗೂ ಕೊಡಿ."

ಇಯರ್‌ಫೋನಿನ ಒಂದು ತುದಿ ಅವರ ಕಿವಿಗೆ ಹೋಯಿತು. ನಾಟಕದ ಅತ್ತೆ ಬೀರುವಿನ ಕೀಲಿ ಕಳೆದುಕೊಂಡು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದಳು. "ನಮ್ ಸೂಪರ್‌ವೈಸರ್ರೂ ಹಿಂಗೇಯ," ಎಂದು ಆಕೆ ನಕ್ಕರು. ಆಮೇಲಿನದು ನನಗೆ ನೆನಪಿಲ್ಲ.

"ನಿಮ್ಮೂರ್ ಗೇಟ್ ಬಂತು, ಇಳೀರಕ್ಕ!" ಎಂದು ಕಂಡಕ್ಟರ್ ಆಕೆಯನ್ನು ಕೂಗಿದಾಗ ಇಬ್ಬರಿಗೂ ಎಚ್ಚರವಾಯಿತು. ಆಕೆಯ ತಲೆ ನನ್ನ ಭುಜದ ಮೇಲಿತ್ತು.

"ಕೀಲಿ ಸಿಕ್ತಾ?"

ನಾನೂ ನಿದ್ದೆಹೋಗಿದ್ದೆ ಎಂದೆ. ಬೇಕಾದಾಗ ಮತ್ತೆ ಹಾಕಿ ಕೇಳಬಹುದು ಎಂದೂ ಹೇಳಿದೆ.

"ಹಂಗಾರೆ ಒಬ್ರೇ ಕೇಳ್ಬುಡ್ಬೇಡಿ. ನಾಳೆ ನಿಮ್ಗೂ ಸೀಟ್ ಹಿಡ್ದಿರ್ತೀನಿ," ಎನ್ನುತ್ತಾ ಇಳಿದೇಬಿಟ್ಟರು. ನಾನು ಈ ಕಡೆಯವಳಲ್ಲ ಎನ್ನುವಷ್ಟರಲ್ಲಿ ಬಸ್ಸು ಹೊರಟಿತ್ತು.

ಕನಕಪುರದಲ್ಲಿ ಇಳಿದು, ಕಿವಿಗೆ ಏನೂ ಹಾಕಿಕೊಳ್ಳದೆ ಲಾಡ್ಜಿನವರೆಗೆ ಕಾಲೆಳೆದುಕೊಂಡು ಬಂದೆ. ನಾಳೆ ಸಂಜೆ ನಾನು ಮಾಗಡಿಯಲ್ಲಿರುತ್ತೇನೆ. ಹಾರೋಹಳ್ಳಿಯಲ್ಲಿ ಬಸ್ಸಿನ ಕಿಟಕಿಯಿಂದ ನನಗಾಗಿ ಒಂದು ಟಿಫನ್ ಬ್ಯಾಗು ಒಳಗೆ ಬೀಳುತ್ತದೆ.